ತೂಗುಗುಂಡು ಹಿಡಿದ ಮೇಷ್ಟ್ರು: ಪ್ಯಾರಿಸ್ಸಿನ ಒಂದು ಪುಟ್ಟ ಶಾಲೆಯ ಕಥೆ

ಹೋದ ಭಾನುವಾರ ನಮ್ಮೂರಿನ ಡ್ರಾಯಿಂಗ್ ಮೇಷ್ಟ್ರುಗಳು ಮತ್ತೆ ಕೆಲವು ಸ್ಟೂಡೆಂಟ್ಸ್ ಸೇರಿದ್ದ ಒಂದು ಸಣ್ಣ ಕೂಟದಲ್ಲಿ ಮಾತಾಡಿದ್ದು ಇದು. ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು. ಮಾತಾಡಿದ ಹಾಗೇ ಬರೆದಿದೀನಿ, ಜಾಸ್ತಿ ತಿದ್ದೋಕೆ ಹೋಗಿಲ್ಲ.

ಎಲ್ಲರಿಗೂ ನಮಸ್ಕಾರ. ಟಿವಿ ನ್ಯೂಸಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮೀಟಿಂಗ್ ತೋರಿಸ್ತಾರಲ್ಲ, ಕುದುರೆ ಲಾಳದ ಥರ ಒಂದು ಟೇಬಲ್ಲು, ಸುತ್ತ ರಾಯಭಾರಿಗಳು ಕೂತಿರ್ತಾರೆ, ಅವರ ಹಿಂದೆ ಗೋಡೆ ತುಂಬ ಒಂದು ದೊಡ್ಡ ಚಿತ್ರ ಇರುತ್ತೆ, ಕೆಳಗೆ ಬೂದಿಯಿಂದ ಫೀನಿಕ್ಸ್ ಹಕ್ಕಿ ಏಳ್ತಾ ಇರುತ್ತೆ. ಅದನ್ನ ನಾವೆಲ್ಲ ನೂರಾರು ಸಲ ನೋಡಿದೀವಿ, ಯಾರು ಬರೆದಿದ್ದು ಅಂತ ಯಾರೂ ಕೇಳಿಲ್ಲ. ಬರೆದವರು ನಾರ್ವೆಯ ಪೇರ್ ಕ್ರೋಗ್, 1952ರಲ್ಲಿ ಅಲ್ಲಿಗೆ ಬಂತು ಅದು. ಇನ್ನೊಂದು ವಸ್ತು ಹೇಳ್ತೀನಿ. ಹಳೇ ಕಪ್ಪು ಬೇಕಲೈಟ್ ಫೋನು, ಡಯಲ್ ತಿರುಗಿಸೋದು, ಕಲ್ಲಿನ ಥರ ಭಾರ, ಮೇಲೆ ರಿಸೀವರ್ ಅಡ್ಡ ಮಲಗಿರುತ್ತೆ. ಆ ಜಾತಿಯ ಫೋನಿಗೆ ಅದರ ರೂಪ ಕೊಟ್ಟವರಲ್ಲಿ ಮುಖ್ಯವಾದವರು ಇನ್ನೊಬ್ಬ ನಾರ್ವೆಯ ಕಲಾವಿದ, ಯಾನ್ ಹೈಬರ್ಗ್. 1930ರ ದಶಕದ ಶುರುವಿನಲ್ಲಿ ಎರಿಕ್ಸನ್ ಕಂಪನಿಯ ಫೋನಿಗೆ ಅವರು ಮಾಡಿಕೊಟ್ಟ ಡಿಸೈನ್ ಅದು. ಇಂಜಿನಿಯರ್ ಅಲ್ಲ ಅವರು, ಪೇಂಟರು, ಶಿಲ್ಪಿ.

ಈ ಇಬ್ಬರೂ ಹುಡುಗರಾಗಿದ್ದಾಗ ಪ್ಯಾರಿಸ್ಸಿನ ಒಂದೇ ಶಾಲೆಯಲ್ಲಿ, ಒಬ್ಬರೇ ಮೇಷ್ಟ್ರ ಹತ್ರ ಕಲಿತವರು. 1908ರ ಜನವರಿಯಲ್ಲಿ ಬಾಗಿಲು ತೆಗೆದು 1911ರಲ್ಲಿ ಮುಚ್ಚಿದ ಶಾಲೆ ಅದು. ಮೇಷ್ಟ್ರು ಫ್ರಾನ್ಸಿನ ಪೇಂಟರ್ ಹೆನ್ರಿ ಮಾತಿಸ್. ಓದೋಕೆ ಬಂದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಹೊರದೇಶದವರು: ಸ್ವೀಡನ್, ನಾರ್ವೆ, ಜರ್ಮನಿ, ಹಂಗೇರಿ, ರಷ್ಯಾ, ಅಮೆರಿಕ, ಐಸ್‌ಲ್ಯಾಂಡ್ ಕೂಡ. ಫ್ರಾನ್ಸಿನವರು ಬೆರಳೆಣಿಕೆ ಅಷ್ಟೆ.

ಯಾಕೆ ಹೊರಗಿನವರೇ ಅಂತ ಮೊದಲು ಹೇಳಿಬಿಡ್ತೀನಿ. ಆಗ ಪ್ಯಾರಿಸ್ಸಿನಲ್ಲಿ ಸರ್ಕಾರಿ ಕಲಾಶಾಲೆ ಅಂದ್ರೆ ಎಕೋಲ್ ದೆ ಬೋಜಾರ್. ಅಲ್ಲಿ ಸೇರೋಕೆ ಕಷ್ಟದ ಎಂಟ್ರೆನ್ಸ್ ಪರೀಕ್ಷೆ, ಹೆಣ್ಣುಮಕ್ಕಳಿಗೆ 1897ರ ತನಕ ಪ್ರವೇಶವೇ ಇರಲಿಲ್ಲ. ಅದಕ್ಕೇ ಊರು ತುಂಬ ಪ್ರೈವೇಟ್ ಅಕಾಡೆಮಿಗಳು ಹುಟ್ಟಿಕೊಂಡಿದ್ವು, ಜೂಲಿಯಾನ್, ಕೊಲರೋಸಿ, ಗ್ರಾಂದ್ ಶೋಮಿಯೇರ್ ಅಂತ. ಫೀಸ್ ಕಟ್ಟು, ಜಾಗ ಹಿಡಿ, ಮಾಡೆಲ್ ನೋಡಿ ಬರಿ, ನೀನು ಯಾವ ದೇಶದವನು ಅಂತ ಯಾರೂ ಕೇಳಲ್ಲ. ನಮ್ಮ ಕಟ್ಟಿಂಗೇರಿಯ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು ಕೂಡ 1949-50ರ ಹೊತ್ತಿಗೆ ಪ್ಯಾರಿಸ್ಸಿಗೆ ಹೋದಾಗ ಇದೇ ಅಕಾಡೆಮಿ ಜೂಲಿಯಾನ್‌ನಲ್ಲಿ ಕಲಿತರು, ಉಡುಪಿ ಕಡೆಯ ಹಳ್ಳಿಯಿಂದ ಅಲ್ಲಿಯ ತನಕ. ಆ ಬಾಗಿಲು ಅಷ್ಟು ವರ್ಷ ಹೊರಗಿನವರಿಗೆ ತೆರೆದೇ ಇತ್ತು ಅನ್ನೋದು ದೊಡ್ಡ ವಿಷಯ.

ಆದ್ರೆ ಅಲ್ಲೆಲ್ಲ ಕಲಿಸ್ತಿದ್ದದ್ದು ಹೆಚ್ಚಾಗಿ ಹಳೇ ಪದ್ಧತಿ. ಹೊಸದಾಗಿ ಬಂದ ಹುಡುಗರು ಹೊಟ್ಟೆ ಹಸಿದವರ ಹಾಗೆ ಹೊಸದನ್ನ ಹುಡುಕ್ತಿದ್ರು. 1905ರ ಸಲೋನ್ ದೋತನ್ ಪ್ರದರ್ಶನದಲ್ಲಿ ಮಾತಿಸ್ ಮತ್ತು ಅವರ ಗೆಳೆಯರ ಚಿತ್ರ ನೋಡಿ ಒಬ್ಬ ವಿಮರ್ಶಕ ಇವರನ್ನ ಕಾಡುಮೃಗಗಳಿಗೆ ಹೋಲಿಸಿದ, ಆ ಹೆಸರೇ ಅಂಟಿಕೊಂಡುಬಿಡ್ತು, ಫೋವ್ ಅಂತ. ಮುಖಕ್ಕೆ ಹಸಿರು, ಮರಕ್ಕೆ ಕೆಂಪು. ಪ್ಯಾರಿಸ್ಸಿನ ಜನ ನಕ್ಕರು. ಹೊರಗಿನಿಂದ ಬಂದ ಈ ಹುಡುಗರು ನಗಲಿಲ್ಲ.

ಹಾಗೆ ನಗದೇ ನಿಂತು ನೋಡಿದವರಲ್ಲಿ ಸಾರಾ ಸ್ಟೈನ್ ಒಬ್ಬರು. ಸ್ಯಾನ್ ಫ್ರಾನ್ಸಿಸ್ಕೋದವರು, ಗಂಡ ಮೈಕೇಲ್ ಮತ್ತು ಮಗನ ಜೊತೆ ಪ್ಯಾರಿಸ್ಸಿಗೆ ಬಂದು ರ್‍ಯೂ ಮದಾಮ್ ಅನ್ನೋ ಬೀದೀಲಿ ಮನೆ ಮಾಡಿದ್ರು. ಮೈಕೇಲ್ ತಂಗಿ ಲೇಖಕಿ ಗರ್ಟ್ರೂಡ್ ಸ್ಟೈನ್, ಆ ಹೆಸರು ಎಲ್ಲರಿಗೂ ಗೊತ್ತು, ಆದ್ರೆ ಮಾತಿಸ್ ಮೇಲೆ ಕೊನೇ ತನಕ ನಂಬಿಕೆ ಇಟ್ಟವರು ಅಂದ್ರೆ ಈ ಅತ್ತಿಗೆ ಸಾರಾ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂಕಂಪ ಆದಾಗ ತಮ್ಮ ಮನೆಗಳು ಏನಾದ್ವೋ ನೋಡೋಕೆ ಅಂತ ಹೊರಟ್ರಲ್ಲ, ಆಗಲೂ ಟ್ರಂಕಿನ ಜೊತೆ ಮಾತಿಸ್ ಚಿತ್ರಗಳನ್ನ ತಗೊಂಡೇ ಹೋದ್ರು. ಅಮೆರಿಕದ ನೆಲಕ್ಕೆ ಮಾತಿಸ್ ಚಿತ್ರ ಹೋಗಿದ್ದು ಅದೇ ಮೊದಲು. ಇವರು ಸುಮ್ಮನೆ ಕೊಳ್ಳೋರಲ್ಲ, ಸ್ವತಃ ಬರೀತಿದ್ರು, ಬರೆದಿದ್ದನ್ನ ಮಾತಿಸ್‌ಗೆ ತೋರಿಸಿ ಸಲಹೆ ಕೇಳ್ತಿದ್ರು. ಅತ್ತ ಜರ್ಮನಿಯ ಹಾನ್ಸ್ ಪುರ್ಮಾನ್ ಅನ್ನೋ ಯುವಕನೂ ಹಾಗೇ ಕೇಳ್ತಿದ್ದ. ಅಮೆರಿಕದ ಪ್ಯಾಟ್ರಿಕ್ ಹೆನ್ರಿ ಬ್ರೂಸ್, ಸ್ವೀಡನ್ನಿನ ಕಾರ್ಲ್ ಪಾಲ್ಮೆ ಕೂಡ ಸೇರಿಕೊಂಡ್ರು. ಎಲ್ಲ ಸೇರಿ ನಮಗೆ ಒಂದು ಕ್ಲಾಸ್ ಮಾಡಿ ಸಾರ್ ಅಂತ ಬೆನ್ನುಬಿದ್ರು ಅನ್ನಿ. ಹಾಗೆ ನೋಡಿದ್ರೆ ಈ ಶಾಲೆ ಕಟ್ಟಿದ್ದು ಮೇಷ್ಟ್ರಲ್ಲ, ಶಿಷ್ಯರು. ದುಡ್ಡಿಗೆ ಮೈಕೇಲ್ ಸ್ಟೈನ್ ಕೈ ಹಿಡಿದ್ರು. ಮಾತಿಸ್ ತಮ್ಮ ಪಾಠಕ್ಕೆ ಅಂತ ಸಂಬಳ ತಗೊಳ್ಳಲಿಲ್ಲ, ಹುಡುಗರು ಕೊಟ್ಟ ಫೀಸು ಬಾಡಿಗೆಗೆ, ಮಾಡೆಲ್‌ಗೆ, ಚಳಿಗಾಲದಲ್ಲಿ ಸ್ಟವ್ ಉರಿಸೋಕೆ ಅಷ್ಟೆ.

ಜಾಗ ಎಲ್ಲಿ ಸಿಕ್ತು ಅನ್ನೋದೂ ಚರಿತ್ರೆಯೇ. ಆಗ ಫ್ರೆಂಚ್ ಸರ್ಕಾರ ಚರ್ಚಿನ ಕೈಯಿಂದ ಶಿಕ್ಷಣವನ್ನ ಕಿತ್ಕೊಳ್ತಾ ಇತ್ತು. 1904ರ ಕಾನೂನು ಬಂದು ಧಾರ್ಮಿಕ ಪಂಥದವರು ಪಾಠ ಹೇಳೋ ಹಾಗಿಲ್ಲ ಅಂದಾಯ್ತು, 1905ರಲ್ಲಿ ಚರ್ಚು ಬೇರೆ ಸರ್ಕಾರ ಬೇರೆ ಅಂತ ಆಯ್ತು. ಸನ್ಯಾಸಿನಿಯರು ಇದ್ದು ಪಾಠ ಹೇಳ್ತಿದ್ದ ಕಾನ್ವೆಂಟ್‌ಗಳು ಖಾಲಿ ಆದ್ವು, ಏನು ಮಾಡ್ಬೇಕು ಅಂತ ಗೊತ್ತಾಗದೆ ರೂಮುಗಳನ್ನ ಕಡಿಮೆ ಬಾಡಿಗೆಗೆ ಬಿಟ್ರು. ಅಂಥ ಒಂದು ಕಾನ್ವೆಂಟಿನಲ್ಲಿ, ರ್‍ಯೂ ದ ಸೆವ್ರ್‌ನಲ್ಲಿದ್ದ ಕೂವಾಂ ದೆಜ್ವಾಜೋ, ಅಂದ್ರೆ ಹಕ್ಕಿಗಳ ಕಾನ್ವೆಂಟು, ಅಲ್ಲಿ ಮಾತಿಸ್ ಸ್ಟುಡಿಯೋ ಇತ್ತು. ಅದೇ ಕಟ್ಟಡದಲ್ಲಿ ಕ್ಲಾಸ್ ಶುರು. ಕೆಲವೇ ತಿಂಗಳಲ್ಲಿ ಆ ಜಾಗ ಬಿಡಬೇಕಾಗಿ ಬಂತು, ಇನ್ನೊಂದು ಖಾಲಿ ಕಾನ್ವೆಂಟಿಗೆ, ಬುಲವಾರ್ ದೆಜಾಂವಾಲಿದ್‌ನ ಸಾಕ್ರೆ ಕರ್‌ಗೆ ಹೋದ್ರು. ಅದರ ಒಳಗಿನ ಬಂಗಲೆಯೇ ಓಟೆಲ್ ಬಿರೋನ್, ಇವತ್ತು ರೋದ್ಯಾ ಮ್ಯೂಸಿಯಂ ಇರೋದು. ಶಿಲ್ಪಿ ರೋದ್ಯಾ, ಕವಿ ರಿಲ್ಕೆ, ನರ್ತಕಿ ಇಸಡೋರಾ ಡಂಕನ್ ಎಲ್ಲ ಅಲ್ಲಿ ಬಾಡಿಗೆಗೆ ಇದ್ರು. ಒಂದು ಕಾಲಕ್ಕೆ ಸನ್ಯಾಸಿನಿಯರು ಶ್ರೀಮಂತರ ಹೆಣ್ಣುಮಕ್ಕಳಿಗೆ ಪಾಠ ಹೇಳ್ತಿದ್ದ ಜಾಗದಲ್ಲಿ ನಾರ್ವೆ ಹುಡುಗರು ನಗ್ನ ಮಾಡೆಲ್ ನೋಡಿ ಇದ್ದಲಲ್ಲಿ ಡ್ರಾಯಿಂಗ್ ಮಾಡ್ತಿದ್ರು.

ಈಗ ಕ್ಲಾಸಿನ ಒಳಗೆ ಹೋಗೋಣ, ನನಗೆ ಹೇಳಬೇಕಾಗಿರೋದು ಇದೇ.

ಶುರುವಿನ ದಿನಗಳು. ಹುಡುಗರಿಗೆ ಖುಷಿಯೋ ಖುಷಿ, ಕಾಡುಮೃಗಗಳ ರಾಜನ ಹತ್ರ ಕಲೀತಿದೀವಿ ಅಂತ. ಮೇಷ್ಟ್ರು ಬರೋ ಹೊತ್ತಿಗೆ ದೊಡ್ಡ ದೊಡ್ಡ ಕ್ಯಾನ್ವಾಸ್ ತುಂಬ ಬಣ್ಣ ಎರಚಿ ಇಟ್ಟಿದ್ರು, ಮೈ ಹಸಿರು, ಕೂದಲು ನೇರಳೆ, ಎಲ್ಲಾನೂ ಮಾತಿಸ್‌ಗಿಂತ ಒಂದು ಕೈ ಮುಂದೆ. ಮಾತಿಸ್ ಬಂದು ನೋಡಿದ್ರು. ನೋಡಿ ತಮ್ಮ ಸ್ಟುಡಿಯೋಗೆ ಹೋಗಿ ಒಂದು ಹಳೇ ಗ್ರೀಕ್ ತಲೆಯ ಪ್ಲಾಸ್ಟರ್ ಅಚ್ಚು ತಂದು ಮಧ್ಯದಲ್ಲಿ ಇಟ್ರು. ಕ್ಯಾನ್ವಾಸನ್ನ ಗೋಡೆ ಕಡೆ ತಿರುಗಿಸಿ, ಇದನ್ನ ನೋಡಿ ಬರೀರಿ ಅಂದ್ರು.

ನಾವು ಮೇಷ್ಟ್ರುಗಳು ಈ ಕಥೇನ ಕೇಳಿ ಹೂಂ ಅಂತ ತಲೆ ಆಡಿಸ್ತೀವಿ, ನೋಡಿದ್ರಾ ಬೇಸಿಕ್ಸ್ ಮುಖ್ಯ ಅಂತ. ನಾನೂ ಬಹಳ ವರ್ಷ ಹಾಗೇ ಹೇಳ್ತಿದ್ದೆ. ಈಗ ಹಾಗೆ ಅನ್ನಿಸಲ್ಲ. ಪ್ಲಾಸ್ಟರ್ ತಲೆ ನೋಡಿ ಬರೆಯೋದನ್ನ ಯಾವ ಅಕಾಡೆಮಿಯಲ್ಲಾದ್ರೂ ಕಲಿಸ್ತಿದ್ರು, ಅದಕ್ಕೆ ಮಾತಿಸ್ ಬೇಕಾಗಿರಲಿಲ್ಲ. ಅವರು ಹುಡುಗರ ಕೈಯಿಂದ ಕಿತ್ಕೊಂಡಿದ್ದು ಬಣ್ಣವನ್ನಲ್ಲ, ತಮ್ಮನ್ನ. ನನ್ನ ಹಾಗೆ ಬರೀಬೇಡಿ ಅಂತ ಬಾಯಲ್ಲಿ ಹೇಳೋದು ಸುಲಭ. ಶಿಷ್ಯ ನಮ್ಮ ಶೈಲೀನೇ ತಂದು ನಮ್ಮ ಕಾಲಿಗೆ ಇಟ್ಟಾಗ ಬೇಡ ಅನ್ನೋದು ಎಷ್ಟು ಕಷ್ಟ ಅಂತ ಇಲ್ಲಿ ಕೂತಿರೋ ಮೇಷ್ಟ್ರುಗಳಿಗೆಲ್ಲ ಗೊತ್ತು.

ವಾರಕ್ಕೊಂದು ಸಲ, ಸಾಮಾನ್ಯವಾಗಿ ಶನಿವಾರ, ಬಂದು ಒಬ್ಬೊಬ್ಬರ ಈಸಲ್ ಮುಂದೆ ನಿಂತು ತಿದ್ದೋರು. ದಿನದ ವ್ಯವಸ್ಥೆ ನೋಡಿಕೊಳ್ಳೋಕೆ ಮಾಸಿಯೇ ಅಂತ ಒಬ್ಬ ವಿದ್ಯಾರ್ಥಿ ಲೀಡರ್ ಇರೋನು, ಫೀಸ್ ಎತ್ತೋದು, ಮಾಡೆಲ್ ಗೊತ್ತು ಮಾಡೋದು ಎಲ್ಲ ಅವನದ್ದೇ, ಪುರ್ಮಾನ್ ಆ ಕೆಲಸ ಮಾಡಿದ. ಯೋಜೆಫ್ ಬ್ರುಮರ್ ಅಂತ ಹಂಗೇರಿಯ ಬಡ ಶಿಲ್ಪಿ ಇದ್ದ, ಫೀಸ್ ಕಟ್ಟೋಕೆ ಆಗ್ತಿರಲಿಲ್ಲ, ನೆಲ ಗುಡಿಸಿ ಸ್ಟವ್‌ಗೆ ಇದ್ದಲು ಹಾಕಿ ಕಲಿತ.

ಮಾತಿಸ್ ಏನು ಹೇಳ್ತಿದ್ರು ಅಂತ ನಮಗೆ ಇಷ್ಟು ಚೆನ್ನಾಗಿ ಗೊತ್ತಿರೋದು ಸಾರಾ ಸ್ಟೈನ್ ನೋಟ್ಸ್ ಬರೆದುಕೊಂಡಿದ್ದಕ್ಕೆ. 1908ರ ನೋಟ್ಸು ಅದು, ಬಹಳ ವರ್ಷ ಅವರ ಹತ್ರನೇ ಇತ್ತು, 1951ರಲ್ಲಿ ಪ್ರಿಂಟ್ ಆಯ್ತು. ಅದನ್ನ ಓದ್ತಾ ಹೋದ್ರೆ ಕಲೆಯ ಬಗ್ಗೆ ದೊಡ್ಡ ದೊಡ್ಡ ಮಾತಿಗಿಂತ ಹೆಚ್ಚು ಸಿಗೋದು ಕೈಕಾಲಿನ ಮಾತು. ತೋಳು ಮಣ್ಣಿನ ಸುರುಳಿ ಥರ, ಆದ್ರೆ ಮುಂಗೈ ಹಗ್ಗದ ಥರ, ಯಾಕಂದ್ರೆ ಅದು ಹುರಿಗೊಳ್ಳುತ್ತೆ. ಸೊಂಟದ ಮೂಳೆಗೂಡು ತೊಡೆಯೊಳಗೆ ಕೂತಿರೋ ರೀತಿ ನೋಡಿದ್ರೆ ಆಂಫೋರಾ ನೆನಪಾಗುತ್ತೆ ಅಂತಾರೆ, ಅಂದ್ರೆ ಹಳೇ ಗ್ರೀಕರ ಎರಡು ಹಿಡಿಯ ಹೂಜಿ. ಒಂದು ದಿನ ಆಫ್ರಿಕಾ ಮೂಲದ ಒಬ್ಬರು ಮಾಡೆಲ್ ಆಗಿ ನಿಂತಿದ್ರು. ಇವರನ್ನ ಒಂದು ಕೆಥೀಡ್ರಲ್ ಅಂತ ನೋಡಬಹುದು, ಭಾಗದ ಮೇಲೆ ಭಾಗ ಕೂತು ಗಟ್ಟಿಯಾಗಿ ಎತ್ತರಕ್ಕೆ ಎದ್ದ ಕಟ್ಟಡ ಅಂತ. ಲಾಬ್ಸ್ಟರ್ ಅಂತಲೂ ನೋಡಬಹುದು, ಬಿಗಿಯಾದ ಚಿಪ್ಪುಗಳು ಒಂದರೊಳಗೊಂದು ಸರಿಯಾಗಿ ಕೂತಿರುತ್ತಲ್ಲ ಹಾಗೆ ಅಂತಾರೆ ಮಾತಿಸ್. ನಮ್ಮ ಕರಾವಳಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ, ಸೀಗಡಿ ಸುಲಿದ ಕೈಗೆ ಗೊತ್ತಿರುತ್ತೆ. ಆದ್ರೆ ಅಷ್ಟಕ್ಕೇ ನಿಲ್ಲಿಸಲ್ಲ ಅವರು. ಮಧ್ಯೆ ಮಧ್ಯೆ ನಿಮ್ಮ ಮುಂದೆ ನಿಂತಿರೋದು ಈ ಮನುಷ್ಯ ಅನ್ನೋದನ್ನ ನೆನಪು ಮಾಡ್ಕೊಳ್ಳಿ, ಕಟ್ಟೋ ಭರದಲ್ಲಿ ಅವರನ್ನೂ ಕಳ್ಕೋಬೇಡಿ, ನೀವೂ ಕಳೆದುಹೋಗಬೇಡಿ ಅನ್ನೋ ಅರ್ಥದಲ್ಲಿ ಎಚ್ಚರಿಸ್ತಾರೆ.

ಇನ್ನೊಂದು ಪಾಠ, ಇದನ್ನ ಮೊನ್ನೆ ಹಾಲ್‌ನಲ್ಲೇ ಮಾಡಿ ತೋರಿಸಿದ್ವಿ. ಮಾಡೆಲ್ ಹೇಗೆ ನಿಂತಿದಾರೋ ನೀವೂ ಹಾಗೇ ನಿಂತು ನೋಡಿ, ಎಲ್ಲಿ ಸೆಳೆತ ಬರುತ್ತೋ ಅಲ್ಲೇ ಆ ಚಲನೆಯ ಬೀಗದ ಕೈ ಇದೆ ಅನ್ನೋದು ಮಾತಿಸ್ ಪಾಠ. ಒಬ್ಬ ಹುಡುಗನ್ನ ಕರೆದು ಒಂದು ಕಾಲಿನ ಮೇಲೆ ಭಾರ ಹಾಕಿ, ತಲೆ ಮೇಲೆ ಕೊಡ ಇಟ್ಕೊಂಡ ಹಾಗೆ ಕೈ ಎತ್ತಿ ನಿಲ್ಲಿಸಿದೆ. ಎಲ್ಲರೂ ಎದ್ದು ಹಾಗೇ ನಿಂತ್ರು. ಒಂದು ನಿಮಿಷ. ಎಲ್ಲಿ ನೋಯ್ತಿದೆ ಅಂತ ಕೇಳಿದೆ. ಕೈ ಅಂತಾರೆ ಅಂದ್ಕೊಂಡಿದ್ದೆ, ಅರ್ಧ ಜನ ಸೊಂಟ ಮುಟ್ಟಿ ತೋರಿಸಿದ್ರು, ಭಾರ ಬಿದ್ದ ಕಡೆ ಪಕ್ಕೆ. ಆಮೇಲೆ ಬರೆದ ಸ್ಕೆಚ್ಚುಗಳಲ್ಲಿ ಸೊಂಟದ ಗೆರೆ ಎಷ್ಟು ಗಟ್ಟಿಯಾಗಿ ಬಂತು ಅಂದ್ರೆ, ಮೂವತ್ತು ವರ್ಷ ಪಾಠ ಮಾಡಿದ ನನಗೇ ಆಶ್ಚರ್ಯ ಆಯ್ತು.

ಮತ್ತೆ ತೂಗುಗುಂಡು. ಗಾರೆ ಮೇಸ್ತ್ರಿ ಗೋಡೆ ನೆಟ್ಟಗಿದೆಯಾ ಅಂತ ನೋಡೋಕೆ ದಾರಕ್ಕೆ ಕಟ್ಟಿ ಇಳಿಬಿಡ್ತಾನಲ್ಲ, ಅದೇ. ಅದನ್ನ ಯಾವಾಗಲೂ ಬಳಸಿ ಅಂತ ಮಾತಿಸ್ ಹೇಳ್ತಿದ್ರು. ಮಾಡೆಲ್ ನಿಂತಿರೋ ಕಡೆಗೆ ದಾರ ಹಿಡಿದ್ರೆ ಕತ್ತಿನ ಗುಂಡಿಯಿಂದ ಇಳಿದ ಗೆರೆ ಯಾವ ಕಾಲಿನ ಹರಡಿಗೆ ಬಂದು ಮುಟ್ಟುತ್ತೆ ಅಂತ ಗೊತ್ತಾಗುತ್ತೆ, ಮನುಷ್ಯ ನಿಂತಿದಾನೋ ಬೀಳ್ತಿದಾನೋ ಅನ್ನೋದು ಆ ಒಂದು ಗೆರೆಯಿಂದ ತೀರ್ಮಾನ ಆಗುತ್ತೆ. ಮಾತಿಸ್ ಬರೆದ ಹೆಂಗಸರ ಚಿತ್ರಗಳಲ್ಲಿ ಕೈ ಉದ್ದ, ಕಾಲು ದಪ್ಪ, ಅನಾಟಮಿ ಎಲ್ಲ ಆಚೀಚೆ, ಆದ್ರೂ ಒಂದು ಆಕೃತಿಯೂ ತೂಕ ತಪ್ಪಿ ಬೀಳಲ್ಲ. ನಾನು ನಂಬೋದು ಏನಂದ್ರೆ ಆ ದಾರ ಅವರ ಕಣ್ಣೊಳಗೇ ಇಳಿದಿತ್ತು.

ಮಾತಿಸ್ ತಮ್ಮ ಹತ್ರ ಇದ್ದ, ಹಿಂದಿನ ತಲೆಮಾರಿನ ಪೇಂಟರ್ ಸೆಜಾನ್‌ನ ಒಂದು ಸಣ್ಣ ಚಿತ್ರವನ್ನೂ ಹುಡುಗರಿಗೆ ತೋರಿಸ್ತಿದ್ರು, ಸ್ನಾನ ಮಾಡ್ತಿರೋ ಮೂವರು ಹೆಂಗಸರದ್ದು. 1899ರಲ್ಲಿ, ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ, ವೊಲ್ಲಾರ್ ಅನ್ನೋ ವ್ಯಾಪಾರಿ ಹತ್ರ ಕೊಂಡಿದ್ದು. ಎಷ್ಟೇ ಕಷ್ಟ ಬಂದ್ರೂ ಮಾರಲಿಲ್ಲ, 1936ರಲ್ಲಿ ಪ್ಯಾರಿಸ್ ನಗರದ ಮ್ಯೂಸಿಯಂಗೆ ದಾನ ಕೊಟ್ರು. ಅಮೆರಿಕದ ಮ್ಯಾಕ್ಸ್ ವೆಬರ್ ಶುರುವಿನ ಬ್ಯಾಚಿನವರು, ಒಂದು ವರ್ಷದೊಳಗೆ ನ್ಯೂಯಾರ್ಕಿಗೆ ಹಿಂತಿರುಗಿದ್ರು. ಅವರೇ ಮುಂದೆ ಅಲ್ಲಿ ಪಾಠ ಹೇಳಿದಾಗ ಮುಂದೆ ದೊಡ್ಡ ಪೇಂಟರ್ ಆದ ಮಾರ್ಕ್ ರಾಥ್ಕೊ ಅನ್ನೋ ಹುಡುಗ ಶಿಷ್ಯನಾಗಿ ಬಂದ. ಮಾತಿಸ್‌ನಿಂದ ರಾಥ್ಕೊಗೆ ನಡುವೆ ಒಬ್ಬರೇ ಮೇಷ್ಟ್ರು, ನೋಡಿ.

ಶಾಲೆ ಬೆಳೀತು. ಮೂರು ವರ್ಷದಲ್ಲಿ ಸುಮಾರು 120 ಜನ ಬಂದು ಹೋದ್ರು ಅಂತ ಲೆಕ್ಕ. ಬೆಳೆದಷ್ಟೂ ಮಾತಿಸ್‌ಗೆ ಭಾರ ಆಯ್ತು. 1909ರಲ್ಲಿ ಅವರು ಊರ ಹೊರಗೆ ಇಸ್ಸಿ ಅನ್ನೋ ಕಡೆ ಮನೆ ಮಾಡಿಕೊಂಡು ಹೋದ್ರು, ರಷ್ಯಾದ ವ್ಯಾಪಾರಿ ಶುಕಿನ್ ಕೇಳಿದ್ದ ಆ ದೊಡ್ಡ ನೃತ್ಯದ ಚಿತ್ರ ಮುಗಿಸೋದಿತ್ತು. ಬರ್ತಾ ಬರ್ತಾ ಶಾಲೆಗೆ ಬರೋದು ಕಮ್ಮಿ ಆಯ್ತು. ಮುಂದೆ ಅವರೇ ಹೇಳಿಕೊಂಡಿದಾರೆ, ಕುರಿಮರಿಗಳನ್ನ ಸಿಂಹ ಮಾಡೋಕೆ ಹೆಣಗಾಡ್ತಿದ್ದೆ, ಮುಂದಿನ ವಾರ ಬಂದ್ರೆ ಮತ್ತೆ ಮೊದಲಿಂದ ಶುರು ಮಾಡಬೇಕಿತ್ತು, ನಾನು ಮೇಷ್ಟ್ರಾಗಬೇಕೋ ಪೇಂಟರ್ ಆಗಬೇಕೋ ಅಂತ ಕೇಳ್ಕೊಂಡೆ, ಬಾಗಿಲು ಹಾಕಿದೆ ಅಂತ. ಇದನ್ನ ಓದಿ ಕೆಲವರಿಗೆ ಬೇಜಾರಾಗುತ್ತೆ. ನನಗೆ ಆಗಲ್ಲ. ಬರೋಕೆ ಆಗದೇ ಇದ್ರೂ ಹೆಸರು ಹಾಕಿಸ್ಕೊಂಡು ನಡೆಸೋದಕ್ಕಿಂತ ಮುಚ್ಚಿದ್ದು ಪ್ರಾಮಾಣಿಕತೆ.

ಶಿಷ್ಯರಿಗೆ ಆಮೇಲೆ ಏನಾಯ್ತು ಅನ್ನೋದು ಎಲ್ಲಾನೂ ಸುಖದ ಕಥೆ ಅಲ್ಲ. ಸ್ಟವ್ ಉರಿಸ್ತಿದ್ದ ಬ್ರುಮರ್ ಪ್ಯಾರಿಸ್ ಮತ್ತು ನ್ಯೂಯಾರ್ಕಿನಲ್ಲಿ ಬಹಳ ದೊಡ್ಡ ಕಲಾವಸ್ತು ವ್ಯಾಪಾರಿ ಆದ. ಐಸ್‌ಲ್ಯಾಂಡಿನ ಯೋನ್ ಸ್ಟೆಫಾನ್ಸನ್ ಇಂಜಿನಿಯರಿಂಗ್ ಬಿಟ್ಟು ಬಂದವರು, ತಮ್ಮ ದೇಶದ ಆಧುನಿಕ ಚಿತ್ರಕಲೆಗೆ ತಳಪಾಯ ಹಾಕಿದವರಲ್ಲಿ ಒಬ್ಬರಾದ್ರು. ಆದ್ರೆ ಹ್ಯಾಂಬರ್ಗ್ ಕಡೆಯ ಫ್ರಾಂಜ್ ನೋಲ್ಕೆನ್ ಮೊದಲ ಮಹಾಯುದ್ಧದ ಕೊನೇ ವಾರದಲ್ಲಿ, 1918ರ ನವೆಂಬರ್ 4ಕ್ಕೆ, ಯುದ್ಧರಂಗದಲ್ಲಿ ಸತ್ತರು, ಇನ್ನೊಂದು ವಾರ ಬದುಕಿದ್ದಿದ್ರೆ ಯುದ್ಧ ಮುಗೀತಿತ್ತು. ರುಡಾಲ್ಫ್ ಲೇವಿ ಯಹೂದಿ, ನಾಜಿಗಳಿಂದ ತಪ್ಪಿಸ್ಕೊಂಡು ಫ್ಲಾರೆನ್ಸಿನಲ್ಲಿದ್ರು, 1943ರ ಡಿಸೆಂಬರ್‌ನಲ್ಲಿ ಹಿಡಿದು ಆಶ್‌ವಿಟ್ಜ್‌ಗೆ ಸಾಗಿಸಿದ್ರು. ಪ್ಯಾಟ್ರಿಕ್ ಹೆನ್ರಿ ಬ್ರೂಸ್ ತಮ್ಮ ಬಹುಪಾಲು ಚಿತ್ರಗಳನ್ನ ತಾವೇ ನಾಶ ಮಾಡಿ, 1936ರಲ್ಲಿ ನ್ಯೂಯಾರ್ಕಿಗೆ ವಾಪಸ್ ಬಂದ ಕೆಲವೇ ತಿಂಗಳಲ್ಲಿ ಜೀವ ಕಳ್ಕೊಂಡ್ರು.

ನನಗೆ ಬಹಳ ಕಾಡೋದು ಸ್ವೀಡನ್ನಿನ ಸಿಗ್ರಿಡ್ ಯರ್ಟೆನ್. ಡ್ರಾಯಿಂಗ್ ಟೀಚರ್ ಆಗೋಕೆ ಓದಿದವರು, ನೇಯ್ಗೆ ಕಡೆ ಹೋಗಬೇಕಂತಿದ್ದವರು. ಐಸಾಕ್ ಗ್ರುನೆವಾಲ್ಡ್ ಅನ್ನೋ ಪೇಂಟರ್ ನೀವು ಚಿತ್ರ ಬರೀಬೇಕು ಅಂತ ಹೇಳಿದ್ದಕ್ಕೆ ಸಿಗ್ರಿಡ್ 1909ರಲ್ಲಿ ಮಾತಿಸ್ ಶಾಲೆಗೆ ಬಂದ್ರು, 1911ರಲ್ಲಿ ಆ ಗ್ರುನೆವಾಲ್ಡ್‌ನೇ ಮದುವೆ ಆದ್ರು. ಸ್ಟಾಕ್‌ಹೋಮ್‌ಗೆ ಮರಳಿ ಅವರು ಬರೆದ ಚಿತ್ರಗಳನ್ನ ಪತ್ರಿಕೆಯವರು ಕ್ರೂರವಾಗಿ ಗೇಲಿ ಮಾಡಿದ್ರು. 1916ರ ಒಂದು ಚಿತ್ರ ಇದೆ, ಅವರದ್ದೇ ಸ್ಟುಡಿಯೋದ ಒಳಗಿನ ದೃಶ್ಯ. ಸೋಫಾದ ಮೇಲೆ ಗಂಡ ಒಂದು ಕಡೆ, ಇನ್ನೊಬ್ಬ ಕಲಾವಿದ ಇನ್ನೊಂದು ಕಡೆ, ಅವರಿಬ್ಬರೂ ಇವರ ತಲೆ ಮೇಲಿಂದ ಮಾತಾಡ್ತಾ ಇದಾರೆ, ನಡುವೆ ಇವರು ಸುಮ್ಮನೆ ಕೂತು ಎಲ್ಲೋ ನೋಡ್ತಿದಾರೆ. ಒಂದು ಮನೆಯಲ್ಲಿ ಇಬ್ಬರು ಪೇಂಟರ್ ಇದ್ದು, ಒಬ್ಬರು ಹೆಂಡತಿ ಆಗಿದ್ರೆ ಏನಾಗುತ್ತೆ ಅಂತ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಮುಂದೆ ಮಾನಸಿಕ ಕಾಯಿಲೆ ಬಂತು, 1936ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅವರ ದೊಡ್ಡ ಪ್ರದರ್ಶನ ಆದಾಗ ಕೊನೆಗೂ ಜನ ಹೊಗಳಿದ್ರು, ಆದ್ರೆ 1948ರಲ್ಲಿ ಲೋಬೋಟಮಿ ಅನ್ನೋ ಮೆದುಳಿನ ಆಪರೇಷನ್ ಕೆಟ್ಟು ತೀರಿಕೊಂಡ್ರು. ನಾನು ಇದನ್ನ ಹೇಳ್ತಿದ್ದಾಗ ಹಾಲ್‌ನಲ್ಲಿ ಯಾರೂ ಮಾತಾಡಲಿಲ್ಲ.

ಆಮೇಲೆ ಪ್ರಶ್ನೆ ಕೇಳೋ ಹೊತ್ತಿನಲ್ಲಿ ಬಿಎಫ್ಎ ಓದೋ ಒಬ್ಬ ಹುಡುಗಿ ಎದ್ದು, ಸಾರ್, ಆ ಶಾಲೆಯಲ್ಲಿ ಕಲಿತು ಇನ್ನೊಂದು ಶಾಲೆ ಮಾಡಿದವರು ಯಾರಾದ್ರೂ ಇದಾರಾ ಅಂತ ಕೇಳಿದ್ಲು. ಇದಾರಮ್ಮ ಅಂದೆ. ಮಾರಿಯಾ ವಸಿಲ್ಯೆಫ್ ಅಂತ, ರಷ್ಯಾದವರು, 1907ರ ಹೊತ್ತಿಗೆ ಪ್ಯಾರಿಸ್ಸಿಗೆ ಬಂದು ಮಾತಿಸ್ ಹತ್ರ ಕಲಿತವರು. ಮೊದಲು ಅಲ್ಲಿದ್ದ ರಷ್ಯನ್ನರಿಗಾಗಿ ಒಂದು ಅಕಾಡೆಮಿ ಕಟ್ಟೋದ್ರಲ್ಲಿ ಸೇರಿದ್ರು, ಆಮೇಲೆ 1912ರಲ್ಲಿ ಮೋಂಪರ್ನಾಸ್ ಹತ್ರ ಆವೆನ್ಯೂ ದು ಮೇನ್‌ನ ಒಂದು ಸಂದಿಯಲ್ಲಿ ತಮ್ಮದೇ ಅಕಾಡೆಮಿ ಶುರು ಮಾಡಿದ್ರು. ಪೇಂಟರ್ ಫರ್ನಾಂದ್ ಲೆಜೆ ಅಲ್ಲಿ ಬಂದು ಉಪನ್ಯಾಸ ಕೊಟ್ಟರು. ಯುದ್ಧ ಬಂದಾಗ ಹೊರದೇಶದ ಕಲಾವಿದರಿಗೆ ಮನೆಯಿಂದ ಬರ್ತಿದ್ದ ದುಡ್ಡು ನಿಂತುಹೋಯ್ತು, ಚಿತ್ರ ಕೊಳ್ಳೋರಿಲ್ಲ. 1915ರಲ್ಲಿ ಆ ಸ್ಟುಡಿಯೋನೇ ಕ್ಯಾಂಟೀನ್ ಆಯ್ತು. ಒಂದೊಂದು ಒಂದೊಂದು ಥರ ಇರೋ ಕುರ್ಚಿ ಸ್ಟೂಲು, ಗೋಡೆ ಮೇಲೆ ಗೆಳೆಯರ ಚಿತ್ರಗಳು, ಚಿಲ್ಲರೆ ಕಾಸಿಗೆ ಸೂಪು, ಒಂದಿಷ್ಟು ಮಾಂಸ, ತರಕಾರಿ. ಪ್ರೈವೇಟ್ ಕ್ಲಬ್ ಅಂತ ಲೆಕ್ಕಕ್ಕಿದ್ದಿದ್ರಿಂದ ಕರ್ಫ್ಯೂ ಕೂಡ ಅಡ್ಡಿ ಆಗಲಿಲ್ಲ, ಹೊರಗೆ ಕತ್ತಲೆ, ಒಳಗೆ ರಾತ್ರಿ ತನಕ ಊಟ, ಹಾಡು. ಪೇಂಟರ್ ಮೊದಿಲ್ಯಾನಿಯೂ ಅಲ್ಲಿ ಬಂದು ಉಂಡು ಹೋಗ್ತಿದ್ದವರಲ್ಲಿ ಒಬ್ಬರು.

ಅವಳು ಹೆಸರು ಇನ್ನೊಂದು ಸಲ ಹೇಳಿ ಸಾರ್ ಅಂದು, ನೋಟ್‌ಬುಕ್‌ನಲ್ಲಿ ಬರೆದುಕೊಂಡ್ಲು.